ಬಟ್ಟೆ ಮಡಿಸಬಾರದ ಒಂದು ಗಂಟೆ

ನಿಜ ಹೇಳಿ, ನಿಮಗೂ ಹೀಗಾಗಿದೆಯಾ? ಯಾರದೋ ಮನೆಗೆ ಹೋಗಿರುತ್ತೀರಿ. ಸೋಫಾದ ಮೂಲೆಯಲ್ಲಿ ಒಣಗಿದ ಬಟ್ಟೆಯ ಗುಡ್ಡೆ ಬಿದ್ದಿರುತ್ತದೆ. ಮನೆಯಾಕೆ ಕಾಫಿಗೆ ಹಾಲಿಡಲು ಒಳಗೆ ಹೋಗಿರುತ್ತಾಳೆ. ಅವಳು ಲೋಟ ಹಿಡಿದು ಹೊರಗೆ ಬರುವಷ್ಟರಲ್ಲಿ ಅವಳ ಗಂಡನ ಬನಿಯನ್ ನಿಮ್ಮ ಮಡಿಲಲ್ಲಿ ಚೌಕವಾಗಿ ಮಡಿಸಿಕೊಂಡು ಕೂತಿರುತ್ತದೆ. "ಅಯ್ಯೋ, ನೀವ್ಯಾಕೆ" ಅಂತ ಅವಳು. "ಇರ್ಲಿ ಬಿಡಿ, ಕೈ ಖಾಲಿ ಇತ್ತು" ಅಂತ ನೀವು.

ನನಗಂತೂ ಆಗಿದೆ. ಹೋದ ಭಾನುವಾರ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಮನೆಯವರ ಮುಖಪರಿಚಯವೂ ಸರಿಯಾಗಿ ಇರಲಿಲ್ಲ, ಗಂಡನ ಆಫೀಸಿನ ಸಂಬಂಧ. ಊಟದ ಹಾಲ್‌ನ ಪಕ್ಕ ಒಗೆದ ಟವೆಲ್ಲುಗಳು ಗುಪ್ಪೆಯಾಗಿ ಬಿದ್ದಿದ್ದವು. ನನಗೆ ನೆನಪಿರುವುದು ಅಷ್ಟೇ. ಆಮೇಲೆ ನೋಡಿದರೆ ಟವೆಲ್ಲುಗಳೆಲ್ಲ ಅಂಗಡಿಯಲ್ಲಿಟ್ಟ ಹಾಗೆ ಒಂದರ ಮೇಲೊಂದು ನಿಂತಿವೆ. ಸ್ಕೂಟರಿನಲ್ಲಿ ಬರುವಾಗ ಗಂಡ ಅಂದ: "ಹೊರಡೋವಾಗ ಆ ಯಮ್ಮ ನಿಂಗೆ 'ಊಟ ಮಾಡ್ಕಂಡೇ ಹೋಗಮ್ಮ, ಸಂಕೋಚ ಮಾಡ್ಕಬ್ಯಾಡ' ಅಂದ್ಲಲ್ಲ, ಯಾಕ್ ಗೊತ್ತಾ? ಅಡ್ಗೆಯೋರ್ ಕಡೆಯೋಳು ಅಂದ್ಕಂಡವ್ಳೆ ನಿನ್ನ."

ನಗಿ, ಪರವಾಗಿಲ್ಲ. ಆದರೆ ಇದೇ ಕೈಚಳಕದಿಂದ ನಾನು ಒಂದು ಮನೆಯ ಬಾಗಿಲು ಮುಚ್ಚಿಸಿಕೊಂಡಿದ್ದೆ, ಅದನ್ನು ಹೇಳುತ್ತೇನೆ ಕೇಳಿ. ಆ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಸೊಸೆ ಅಂದಳು, "ನನ್ ಹೆಸ್ರು ಮಾತ್ರ ಬದ್ಲಾಯ್ಸಿ ಅಕ್ಕಾ. ನಮ್ಮತ್ತೇದು ಬೇಕಾರೆ ಹಂಗೇ ಹಾಕಿ." ನಾನು ಎರಡೂ ಬದಲಾಯಿಸಿದ್ದೇನೆ.

ಮೊದಲು ನನ್ನ ವಿಷಯ. ಗಡಿಯಾಚೆ, ತಮಿಳುನಾಡಿನ ಹೊಸೂರಿನವಳು. ಇಪ್ಪತ್ತು ವರ್ಷ ಒಂದು ಖಾಸಗಿ ಶಾಲೆಯಲ್ಲಿ ಲೆಕ್ಕದ ಟೀಚರ್. ಆಮೇಲೆ ಅದೇ ಶಾಲೆಯಲ್ಲಿ ಮಕ್ಕಳಿಗೆ ಕೌನ್ಸಿಲರ್. ಯಾಕೆ ನನ್ನನ್ನೇ ಆರಿಸಿದರು ಅಂತ ಪ್ರಿನ್ಸಿಪಾಲರನ್ನು ಕೇಳಿದ್ದೆ. ನನ್ನ ಕರುಣೆ, ತಾಳ್ಮೆ ಏನಾದರೂ ಹೇಳುತ್ತಾರೆ ಅಂದುಕೊಂಡರೆ, "ನಿಮ್ಮ ರೂಮು ಕಾರಿಡಾರಿನ ಕೊನೇಲಿದೆ ಮೇಡಂ, ಮಕ್ಕಳು ಅತ್ತರೆ ಬೇರೆ ಕ್ಲಾಸಿಗೆ ಕೇಳಿಸಲ್ಲ" ಅಂದರು. ಹೀಗೆ ರೂಮಿನ ಅರ್ಹತೆಯ ಮೇಲೆ ಕೆಲಸ ಸಿಕ್ಕಿತು. ಮಕ್ಕಳು ಬಂದು ಅಳುತ್ತಿದ್ದವು. ನಾನು ಟಿಶ್ಯೂ ಕೊಡುತ್ತಿದ್ದೆ, ಟೈಂಟೇಬಲ್ ಹಾಕಿಕೊಡುತ್ತಿದ್ದೆ. ಕೆಲವು ಮಕ್ಕಳು ಟೈಂಟೇಬಲ್ ತಗೊಂಡು ಹೋಗಿ ಮತ್ತೆ ಬಂದು ಅಳುತ್ತಿದ್ದವು. ಅಂದರೆ ನನಗೆ ಗೊತ್ತಿಲ್ಲದ್ದು ಏನೋ ಇದೆ ಅಂತ ಅನ್ನಿಸತೊಡಗಿತು. ಏನದು ಅಂತ ಕುತೂಹಲ. ನಲವತ್ತಾರನೇ ವಯಸ್ಸಿನಲ್ಲಿ, ಕೆಲಸದಲ್ಲಿರುವವರಿಗಾಗಿಯೇ ಬೆಂಗಳೂರಿನಲ್ಲಿ ನಡೆಯುವ ಒಂದು ಸ್ನಾತಕೋತ್ತರ ಕೋರ್ಸಿಗೆ ಸೇರಿಬಿಟ್ಟೆ. ಮನೋವಿಶ್ಲೇಷಣೆಯ ಸೈಕೋಥೆರಪಿ. ಮನುಷ್ಯ ತನಗೇ ಗೊತ್ತಿಲ್ಲದೆ ಒಳಗೆ ಏನೇನು ಬಚ್ಚಿಟ್ಟುಕೊಂಡಿದ್ದಾನೆ ಅಂತ ಮಾತಿನಲ್ಲಿ ಹುಡುಕುವ ವಿದ್ಯೆ. ನಮ್ಮ ಬ್ಯಾಚಿನಲ್ಲಿ ಒಬ್ಬ ಹಲ್ಲಿನ ಡಾಕ್ಟರು, ಫ್ಯಾಕ್ಟರಿಯಲ್ಲಿ ಆಳು ತಗೊಳ್ಳುವ ಒಬ್ಬ ಎಚ್ಚಾರು, ಇನ್ನೂ ಐದಾರು ಜನ. ಎಲ್ಲರಿಗೂ ವಾರವೆಲ್ಲ ದುಡಿತ, ಭಾನುವಾರ ಪಾಠ.

ಈ ಓದಿನಲ್ಲಿ ಒಂದು ನಿಯಮವಿದೆ. ಬೇರೆಯವರ ಮನಸ್ಸಿಗೆ ಕೈ ಹಾಕುವ ಮುಂಚೆ ನೀವೇ ವಾರಕ್ಕೊಂದು ಸಲ ಒಬ್ಬ ಥೆರಪಿಸ್ಟ್ ಹತ್ತಿರ ಹೋಗಿ ಮಲಗಿ ಮಾತಾಡಬೇಕು. ಗಂಡನಿಗೆ ಹೇಳಿದೆ. ಅವನು ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. "ನೀನ್ ಡಾಕ್ಟ್ರಾಗೋಕ್ ಮುಂಚೆ ಪೇಶೆಂಟ್ ಆಗ್ಬೇಕಾ? ಇದ್ಯಾವ್ ಓದಮ್ಮಿ? ಡ್ರೈವಿಂಗ್ ಕಲಿಯೋಕ್ ಮುಂಚೆ ಗಾಡಿಗೆ ಸಿಕ್ಕಾಕೊ ಅಂದಂಗಾಯ್ತು." ನಾನು ಹೋದೆ, ಮಲಗಿದೆ. ಮೂರು ತಿಂಗಳು ಬರೀ ಟ್ರಾಫಿಕ್ ಬಗ್ಗೆ ಮಾತಾಡಿದೆ. ಅತ್ತಿಬೆಲೆ ದಾಟುವುದು ಎಷ್ಟು ಕಷ್ಟ, ಕೋಸಿನ ಲಾರಿಗಳು ಎಲ್ಲಿ ಅಡ್ಡ ನಿಲ್ಲುತ್ತವೆ, ಎಲ್ಲ. ನನ್ನ ಥೆರಪಿಸ್ಟ್ ಒಂದು ದಿನ ಮೆಲ್ಲಗೆ, "ಈ ಟ್ರಾಫಿಕ್ ನಿಮ್ಮನ್ನು ಎಲ್ಲಿಗೆ ಹೋಗದ ಹಾಗೆ ಕಾಪಾಡುತ್ತಿದೆ?" ಅಂದರು. ನನಗೆ ಎಂಥ ಕೋಪ ಬಂತು ಅಂದರೆ, ವಾಪಸ್ಸು ಬರುವಾಗ ನಿಜವಾಗಿಯೂ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಒಂದೂವರೆ ಗಂಟೆ ಅವರನ್ನೇ ಬೈದೆ.

ಎರಡನೇ ನಿಯಮ ಇನ್ನೂ ವಿಚಿತ್ರ. ಆಗ ತಾನೇ ಹುಟ್ಟಿದ ಮಗುವಿರುವ ಒಂದು ಮನೆ ಹುಡುಕಬೇಕು. ವಾರಕ್ಕೊಂದು ದಿನ, ಅದೇ ಹೊತ್ತಿಗೆ ಹೋಗಿ, ಒಂದು ಗಂಟೆ ಕೂತು ಆ ಮಗುವನ್ನೂ ಅದರ ಸುತ್ತಲಿನವರನ್ನೂ ನೋಡಬೇಕು. ನೋಡುವುದು ಮಾತ್ರ. ಎತ್ತಿಕೊಳ್ಳುವಂತಿಲ್ಲ, ಆಡಿಸುವಂತಿಲ್ಲ, ಸಲಹೆ ಕೊಡುವಂತಿಲ್ಲ, ಫೋನ್ ತೆಗೆಯುವಂತಿಲ್ಲ, ಅಲ್ಲೇ ಕೂತು ಬರೆದುಕೊಳ್ಳುವಂತಿಲ್ಲ. ಮನೆಗೆ ಬಂದು ನೆನಪಿನಿಂದ ಬರೆದು, ಭಾನುವಾರ ಕ್ಲಾಸಿನಲ್ಲಿ ಓದಬೇಕು. ಒಂದೇ ಮನೆ, ಒಂದೇ ಮಗು, ಒಂದು ವರ್ಷ. ಮಧ್ಯದಲ್ಲಿ ತಪ್ಪಿಹೋದರೆ ಹೊಸ ಮಗು, ಮತ್ತೆ ಮೊದಲಿನಿಂದ.

ನನಗೆ ಸಿಕ್ಕಿದ ಮನೆ ಹೊಸೂರಿನ ಪಕ್ಕದ ಮೂಕಂಡಪಲ್ಲಿಯಲ್ಲಿ. ಸಾಲುಮನೆಗಳು, ಎಲ್ಲ ಫ್ಯಾಕ್ಟರಿ ಕೆಲಸದವರು. ನಮ್ಮ ಶಾಲೆಯ ಆಫೀಸಿನವರೊಬ್ಬರಿಗೆ ಗೊತ್ತಿದ್ದ ಕುಟುಂಬ. ಮಗುವಿನ ಅಪ್ಪ ಶಿಫ್ಟಿನಲ್ಲಿ ಮಿಷಿನ್ ಆಪರೇಟರ್, ಶನಿವಾರ ಬೆಳಿಗ್ಗೆ ಮನೆಯಲ್ಲಿ ಇರುವುದಿಲ್ಲ. ಅವನ ಹೆಂಡತಿ ಕವಿತ, ಅಂಚೆಟ್ಟಿ ದಾಟಿ ಕಾಡಿನ ಮಧ್ಯೆ ಇರುವ ನಾಟ್ರಾಂಪಾಳ್ಯದ ಕಡೆಯವಳು, ಇಪ್ಪತ್ತಮೂರು ವಯಸ್ಸು. ಹದಿನೆಂಟು ದಿನದ ಹೆಣ್ಣು ಮಗು. ಮತ್ತೆ ಅತ್ತೆ ಮುನಿರತ್ನಮ್ಮ. ಆ ಮನೆಯ ಪ್ರಧಾನಿ, ಗೃಹಮಂತ್ರಿ, ಸುಪ್ರೀಂ ಕೋರ್ಟು ಎಲ್ಲ ಅವರೇ.

ಗಂಡ ಹೆಂಡತಿ ಇಬ್ಬರೂ ಒಪ್ಪಿದರು. ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆ ನಡೆಯಿತು.

"ಏನ್ ಮಾಡ್ತೀಯಮ್ಮ ಬಂದು?"

"ಕೂತ್ಕೊಂಡು ಮಗೂನ ನೋಡ್ತೀನಿ."

"ಸೂಜಿ ಗೀಜಿ ಹಾಕ್ತೀಯಾ?"

"ಇಲ್ಲ."

"ತೂಕ ನೋಡ್ತೀಯಾ?"

"ಇಲ್ಲ."

"ಗೌರ್ಮೆಂಟ್ನೋರು ಕಳ್ಸವ್ರಾ?"

"ಇಲ್ಲಮ್ಮ, ನಾನ್ ಓದ್ತಾ ಇದೀನಿ. ಓದೋಕೆ ಇದು ಬೇಕು."

ಅವರು ನನ್ನ ನರೆತ ಕೂದಲನ್ನು ಬುಡದಿಂದ ತುದಿಯವರೆಗೂ ನೋಡಿದರು. "ಈ ವಯಸ್ನಾಗೆ? ಸುಮ್ಕೆ ಕೂತ್ಕಳದ್ನೂ ಓದ್ಬೇಕಾ? ಅದುಕ್ಕೆ ಪರೀಕ್ಷೆ ಬೇರೆ ಐತಾ?"

"ಐತೆ" ಅಂದೆ.

"ಫೇಲ್ ಆಯ್ತೀಯಾ ಬಿಡು" ಅಂದರು. "ನಿನ್ ಕಣ್ಣು ಆಗ್ಲೇ ನಮ್ ಪಾತ್ರೆ ತೊಳ್ಯೋ ಜಾಗದಾಗೈತೆ."

ಇತ್ತು ಸ್ವಾಮಿ. ನಲ್ಲಿ ಸರಿಯಾಗಿ ತಿರುಗಿಸಿರಲಿಲ್ಲ, ತೊಟ್ಟಿಕ್ಕುತ್ತಿತ್ತು. ಒಂದೇ ನೋಟಕ್ಕೆ ನನ್ನ ರೋಗ ಹಿಡಿದ ಆ ಹೆಂಗಸಿಗೆ ಯಾವ ಕೋರ್ಸೂ ಬೇಕಿರಲಿಲ್ಲ.

ಆದರೂ ಒಪ್ಪಿದರು. ಕಿಟಕಿ ಪಕ್ಕ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ಮೊದಲ ಶನಿವಾರ ಹತ್ತು ಗಂಟೆಗೆ ಹೋಗಿ ಕೂತರೆ, ಮಗುವಿನ ಕೆನ್ನೆಯ ಮೇಲೆ ಕಾಡಿಗೆಯ ದೃಷ್ಟಿಬೊಟ್ಟು. ಬೊಟ್ಟು ಅನ್ನುವುದಕ್ಕಿಂತ ರಾಗಿ ಮುದ್ದೆ ಅನ್ನಬಹುದು. ಅರ್ಧ ಕೆನ್ನೆ ಕಪ್ಪು. ಒಂದು ಗಂಟೆ ಎವೆ ಮುಚ್ಚದೆ ಮಗುವನ್ನು ನೋಡಲು ಬರುವ ಹೆಂಗಸಿನಿಂದ ಕಾಪಾಡಲು ಅಷ್ಟಾದರೂ ಬೇಡವೇ? ಪಕ್ಕದ ಮನೆಯ ತಮಿಳು ಹೆಂಗಸು ಕಿಟಕಿಯಲ್ಲಿ ಇಣುಕಿ "ಯಾರಕ್ಕಾ ಇದು?" ಅಂದರೆ ಮುನಿರತ್ನಮ್ಮ ತಮಿಳಿನಲ್ಲೇ, "ಸುಮ್ಮಾ ಕೊಳಂದೆ ಪಾಕ್ಕ ವಂದಿರುಕ್ಕಾಂಗ" ಅಂದರು. ಸುಮ್ಮನೆ ಮಗು ನೋಡೋಕೆ ಬಂದವರೆ ಅಂತ. ಅವರ ದನಿಯಲ್ಲಿದ್ದ ಅನುಮಾನಕ್ಕೆ ಮಾತ್ರ ಯಾವ ಭಾಷೆಯೂ ಬೇಕಿರಲಿಲ್ಲ.

ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಾ? ಮೊದಲ ವಾರ ಗಡಿಯಾರವನ್ನು ಹನ್ನೊಂದು ಸಲ ನೋಡಿದೆ. ಎರಡನೇ ವಾರ ಮಗು ಅತ್ತಾಗ ನನ್ನ ಕಾಲು ತಾನೇ ಎದ್ದುಬಿಡುತ್ತಿತ್ತು, ಕುರ್ಚಿಯ ಕಾಲಿಗೆ ಸುತ್ತಿ ಕೂರಿಸಿದೆ. ನಮ್ಮ ಮನೆಯಲ್ಲಿ ಬೆಳೆಯುವಾಗ ಖಾಲಿ ಕೈಯಲ್ಲಿ ಕೂತ ಹೆಣ್ಣುಮಗಳನ್ನು ಕಂಡರೆ ಅಜ್ಜಿಗೆ ಆಗುತ್ತಿರಲಿಲ್ಲ. "ಕೈ ಏನ್ ನೋಯ್ತಾ?" ಅನ್ನುತ್ತಿದ್ದರು. ಟಿವಿ ನೋಡಬೇಕೆಂದರೂ ಅವರೆಕಾಯಿ ಬಿಡಿಸುತ್ತ ನೋಡಬೇಕು. ನಮ್ಮಲ್ಲಿ ಅವರೆಕಾಯಿ ಇಲ್ಲದ ತಿಂಗಳಲ್ಲಿ ಹೂ ಕಟ್ಟಿಸುತ್ತಿದ್ದರು. ಹಾಗೆ ಬೆಳೆದ ಕೈ ಇದು.

ಆದರೆ ನಾಲ್ಕೈದು ವಾರ ಕಳೆದ ಮೇಲೆ ಏನೋ ಆಯಿತು. ಕಣ್ಣಿಗೆ ಕಾಣಿಸತೊಡಗಿತು. ಮಗು ಹಾಲು ಕುಡಿಯುವಾಗ ಒಂದು ಕೈಯಲ್ಲಿ ಅಮ್ಮನ ತಾಳಿಯ ದಾರ ಹಿಡಿದು, ಕುಡಿಯುವುದನ್ನು ನಿಲ್ಲಿಸಿ, ಅವಳು ಇನ್ನೂ ಇದ್ದಾಳಾ ಅಂತ ನೋಡಿ, ಮತ್ತೆ ಕುಡಿಯುವುದು. ಕಂಪನಿ ಬಸ್ಸು ಹಾರನ್ ಹೊಡೆದರೆ ಮೊದಲು ಕಾಲ ಬೆರಳು ಅಗಲಿಸಿ, ಆಮೇಲೆ ಮುಖ ಹುಳ್ಳಗೆ ಮಾಡುವುದು. ಎರಡು ಮಕ್ಕಳ ತಾಯಿ ನಾನು. ನನ್ನ ಮಕ್ಕಳು ಕಾಲ ಬೆರಳು ಅಗಲಿಸುತ್ತಿದ್ದವೋ ಇಲ್ಲವೋ ನನಗೆ ಗೊತ್ತಿಲ್ಲ. ಆಗ ನಾನು ಬಟ್ಟೆ ಮಡಿಸುತ್ತಿದ್ದೆ.

ಕವಿತ ನನ್ನ ಹತ್ತಿರ ಮಾತೇ ಆಡುತ್ತಿರಲಿಲ್ಲ. ಆದರೆ ನಾನು ಬಂದು ಕೂತ ಮೇಲೆ ಅವಳ ಹೆಗಲು ಒಂದಿಂಚು ಇಳಿಯುತ್ತಿತ್ತು. ಬಾಕಿ ಹೊತ್ತಿನಲ್ಲಿ "ಕವಿತಾ, ಒಲೆ ನೋಡು, ಕವಿತಾ, ನೀರ್ ಬಂತು" ಅನ್ನುತ್ತಿದ್ದ ಮುನಿರತ್ನಮ್ಮ, ಮೇಡಂ ಎದುರಿಗೆ ಯಾಕೆ ಅಂತ ಆ ಒಂದು ಗಂಟೆ ಕರೆಯುತ್ತಿರಲಿಲ್ಲ. ಇನ್ನೊಂದು ಬದಲಾವಣೆಯನ್ನೂ ಗಮನಿಸಿದೆ. ಕೆನ್ನೆಯ ಬೊಟ್ಟು ವಾರ ವಾರ ಚಿಕ್ಕದಾಗುತ್ತಿತ್ತು. ಮುದ್ದೆಯಿಂದ ಬಟಾಣಿ, ಬಟಾಣಿಯಿಂದ ಹೆಸರುಕಾಳು. ಯಾವ ಪರೀಕ್ಷೆಯ ಮಾರ್ಕಿಗೂ ನಾನು ಅಷ್ಟು ಖುಷಿ ಪಟ್ಟವಳಲ್ಲ.

ಐದನೇ ತಿಂಗಳು. ವಾರವೆಲ್ಲ ಜಡಿಮಳೆ, ಬಟ್ಟೆ ಒಣಗುವುದೇ ಇಲ್ಲ. ಆ ಶನಿವಾರ ಮಂಚದ ಮೇಲೆ, ನನ್ನ ಕುರ್ಚಿಗೆ ತಾಗಿಕೊಂಡೇ, ಮಗುವಿನ ಬಟ್ಟೆಯ ದೊಡ್ಡ ಗುಡ್ಡೆ. ಹಳೇ ಪಂಚೆ ಹರಿದು ಮಾಡಿದ ಚೌಕಗಳು. ಮಗು ಮಗ್ಗುಲಾಗಲು ಒದ್ದಾಡುತ್ತಿತ್ತು. ಕವಿತ ಮಾತ್ರ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ. ಬೆನ್ನು ನೋಡಿದರೆ ಗೊತ್ತಾಗುತ್ತದೆ. ನಾನು ಆ ಬೆನ್ನನ್ನು ನೋಡುತ್ತ ಕೂತೆ.

ಆಮೇಲೆ ಮುನಿರತ್ನಮ್ಮನ ದನಿ ಕೇಳಿಸಿತು. ಅವರು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನನ್ನ ಮಡಿಲಲ್ಲಿ ಹದಿನಾಲ್ಕು ಚೌಕ, ಮೂಲೆಗೆ ಮೂಲೆ ಕೂಡಿಸಿ ಮಡಿಸಿದ್ದು.

"ಏನೇ ಕವಿತಾ! ಬಂದೋರ್ ಕೈಲಿ ಬಟ್ಟೆ ಮಡಿಸ್ಕಂಡು ಮಲ್ಗಿದೀಯಲ್ಲೇ! ಮೇಡಂಗೂ ಕಂಡ್ಬುಡ್ತು ನೋಡು ನಿನ್ನ ಸಂಸಾರದ ಚೆಂದ. ನಾನ್ ಯೋಳಿದ್ರೆ ಅತ್ತೆ ಬಾಯಿ ಜೋರು. ಈಗ್ ಯಾರಿಗ್ ಯೋಳ್ತೀಯೇ?"

"ಇಲ್ಲಮ್ಮ, ನಾನೇ ಸುಮ್ನೆ..." ಅಂದೆ. ಸುಮ್ಮನೆ! ಆ ಪದ ಬಳಸುವ ಅರ್ಹತೆಯನ್ನು ಆಗ ತಾನೇ ಕಳೆದುಕೊಂಡಿದ್ದೆ.

ಕವಿತ ಎದ್ದಳು. ನನ್ನ ಮಡಿಲಿನಿಂದ ಒಂದೊಂದೇ ಚೌಕ ತೆಗೆದು, ಕೊಡವಿ, ಬಿಚ್ಚಿ, ಗುಡ್ಡೆಗೆ ಎಸೆದಳು. ಹದಿನಾಲ್ಕನ್ನೂ. ನನ್ನ ಮುಖ ನೋಡಲಿಲ್ಲ.

ಆವತ್ತು ಸಂಜೆಯೇ ಮೆಸೇಜು ಬಂತು. "ಮೇಡಂ ಇನ್ಮೇಲೆ ಬರಬೇಡಿ. ಪಾಪೂಗೆ ಹುಷಾರಿಲ್ಲ." ಎರಡು ನಿಮಿಷ ಬಿಟ್ಟು ಇನ್ನೊಂದು: "ಹುಷಾರಾದ ಮೇಲೂ ಬೇಡ."

ಅಂದರೆ ಐದು ತಿಂಗಳ ಶನಿವಾರಗಳು ಹೋದವು. ಹೊಸ ಮಗು ಹುಡುಕಬೇಕು, ಇನ್ನೊಂದು ವರ್ಷದ ಶನಿವಾರ ಬೇಕು. "ಈ ವರ್ಷ ಆದ ಮೇಲೆ ಶನಿವಾರ ಬಿಡೋಕೆ ಆಗಲ್ಲ" ಅಂತ ಪ್ರಿನ್ಸಿಪಾಲರು ಮೊದಲೇ ಹೇಳಿದ್ದರು. ಓದು ಅಲ್ಲಿಗೆ ಮುಗಿದ ಹಾಗೆ. ಅದರ ಚಿಂತೆ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಿದ್ದೆ ಕೆಡಿಸಿದ್ದು ಅದಲ್ಲ. ಬಟ್ಟೆ ಕೊಡವುವಾಗಿನ ಅವಳ ಕೈ. ನನಗೆ ಏನೋ ವಾಪಸ್ಸು ಕೊಡುತ್ತಿದ್ದಾಳೆ, ಏನು ಅಂತ ತಿಳಿಯುತ್ತಿಲ್ಲ.

ಮೆಸೇಜು ಬಂದದ್ದನ್ನು ಯಾರಿಗೂ ಹೇಳಲಿಲ್ಲ. ಭಾನುವಾರ ಕ್ಲಾಸಿನಲ್ಲಿ ಏನೂ ಆಗಿಲ್ಲ ಅನ್ನುವ ಹಾಗೆ ಆ ಶನಿವಾರದ ವರದಿ ಓದಿದೆ. ಬಟ್ಟೆ ಮಡಿಸಿದ್ದನ್ನು ಬರೆದೇ ಇರಲಿಲ್ಲ. ಹೌದು, ಬಚ್ಚಿಟ್ಟೆ. ನಮಗೆ ಪಾಠ ಮಾಡುವ ಲೀಲಾ ಮೇಡಂ ಅರವತ್ತು ದಾಟಿದವರು, ಮಾತು ಕಡಿಮೆ. ಪೂರ್ತಿ ಕೇಳಿಸಿಕೊಂಡು ಕೇಳಿದರು:

"ಹತ್ತೂ ಇಪ್ಪತ್ತಕ್ಕೆ ತಾಯಿ ಗೋಡೆ ಕಡೆ ತಿರುಗಿದಳು. ಆಮೇಲೆ ಹತ್ತೂ ಮುಕ್ಕಾಲಿಗೆ ಕಾಫಿ ಬಂತು. ಮಧ್ಯೆ ಮಗು ಏನು ಮಾಡ್ತು?"

ನನಗೆ ಗೊತ್ತಿರಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ! ಇಪ್ಪತ್ತೈದು ನಿಮಿಷ ನನ್ನ ಮುಂದೆಯೇ ಇದ್ದ ಮಗು ನೆನಪಿನಿಂದ ಪೂರಾ ಮಾಯ.

"ನೀವು ಎಲ್ಲಿಗೆ ಹೋಗಿದ್ರಿ?" ಅಂದರು.

ಬಾಯಿ ಬಿಟ್ಟೆ. ಹದಿನಾಲ್ಕು ಚೌಕ, ಅತ್ತೆಯ ಬೈಗುಳ, ಮೆಸೇಜು, ಎಲ್ಲ ಹೇಳಿದೆ. ಹಲ್ಲಿನ ಡಾಕ್ಟರು ಫಕ್ಕನೆ ನಕ್ಕ. ಎಚ್ಚಾರು, "ಆದ್ರೆ ಮೇಡಂ, ಮಡಿಸಿದ್ದು ಹೆಲ್ಪೇ ಅಲ್ವಾ?" ಅಂದ. ಲೀಲಾ ಮೇಡಂ ನನ್ನ ಕಡೆ ತಿರುಗಿದರು. ನನ್ನನ್ನು ಕೇಳಿದರು: "ಯಾರ ಬಟ್ಟೆ ಮಡಿಸಿದ್ರಿ?"

"ಮಗೂದು."

"ಯಾವ ಮಗೂದು?"

ಲೆಕ್ಕದ ಟೀಚರಿಗೆ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಅವಮಾನ. ಮುಖ ಗಂಟಿಕ್ಕಿ ಕೂತೆ. ಕೊನೆಯಲ್ಲಿ ಅವರು, "ಮುಂದಿನ ಶನಿವಾರ ಅದೇ ಹೊತ್ತಿಗೆ ಹೋಗಿ. ಬಾಗಿಲಲ್ಲಿ ನಿಂತು ಕೇಳಿ. ಬೇಡ ಅಂದರೆ ವಾಪಸ್ಸು ಬನ್ನಿ. ಬೇಡ ಅನ್ನೋಕೆ ಅವರಿಗೆ ಹಕ್ಕಿದೆ" ಅಂದರು.

ಕ್ಲಾಸು ಮುಗಿಸಿ ವಾಪಸ್ಸು ಬರುವಾಗ ಬಸ್ಸು ಅತ್ತಿಬೆಲೆ ಹತ್ತಿರ ಎಂದಿನಂತೆ ನಿಂತಿತು. ಕಿಟಕಿಯಾಚೆ ಲಾರಿಯೊಂದರಲ್ಲಿ ಒದ್ದೆ ಬಟ್ಟೆ ಒಣಹಾಕಿದ್ದರು. ಆಗ ಬಂತು ನೆನಪು. ನನಗೆ ಆರು ವರ್ಷ. ನನ್ನ ತಮ್ಮ ಹುಟ್ಟಿ ಎರಡು ತಿಂಗಳೋ ಮೂರು ತಿಂಗಳೋ ಆಗಿದೆ. ಆಲಸನತ್ತಂನಲ್ಲಿ ನನ್ನ ತವರುಮನೆಯ ನಡುಕೋಣೆ, ಸಾಂಬ್ರಾಣಿಯ ಹೊಗೆ, ಕೆಂಪು ನೆಲ. ಅಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ಮೇಷ್ಟ್ರಾಗಿದ್ದ ಅಪ್ಪ ಶಾಲೆಗೆ ಹೋಗುತ್ತಾರೆ, ಬರುತ್ತಾರೆ. ಅಮ್ಮ ಹಾಗೆಯೇ ಮಲಗಿದ್ದಾಳೆ. ಅಜ್ಜಿ ಯಾರಿಗೋ "ಅವ್ಳಿಗ್ ಸೋಮಾರಿತನ" ಅನ್ನುತ್ತಾರೆ. ನಾನು ಅಮ್ಮನ ಬೆನ್ನಿನ ಹಿಂದೆ ನೆಲದ ಮೇಲೆ ಕೂತು ತಮ್ಮನ ಬಟ್ಟೆ ಮಡಿಸುತ್ತಿದ್ದೇನೆ. ಮೂಲೆಗೆ ಮೂಲೆ ಸರಿಯಾಗಿ ಕೂಡಿದರೆ ಅಮ್ಮ ಈ ಕಡೆ ತಿರುಗುತ್ತಾಳೆ ಅಂತ ಲೆಕ್ಕ. ಕೂಡುವುದಿಲ್ಲ. ಮತ್ತೆ ಬಿಚ್ಚುತ್ತೇನೆ.

ನಲವತ್ತು ವರ್ಷ ಇದು ಎಲ್ಲಿತ್ತು ಅಂತೀರಿ? ನನ್ನ ಕೈಯಲ್ಲೇ ಇತ್ತು.

ಬಸ್ಸಿಳಿದು ಸೀದಾ ಆಲಸನತ್ತಂಗೆ ಹೋದೆ. ಅಮ್ಮ ತಮ್ಮನ ಮನೆಯಲ್ಲಿದ್ದಾಳೆ, ಮೊಮ್ಮಕ್ಕಳ ಮೇಲೆ ರೇಗುತ್ತ ಗಟ್ಟಿಯಾಗಿದ್ದಾಳೆ. ಮಧ್ಯಾಹ್ನದ ಹೊತ್ತು, ವರಾಂಡದಲ್ಲಿ ಕಾಲು ಚಾಚಿ ಕೂತಿದ್ದಳು. ಪೀಠಿಕೆ ಹಾಕದೆ ಕೇಳಿದೆ, ತಮ್ಮ ಹುಟ್ಟಿದಾಗ ನೀನು ಗೋಡೆ ನೋಡಿಕೊಂಡು ಮಲಗುತ್ತಿದ್ದೆಯಲ್ಲ, ನೆನಪಿದೆಯಾ ಅಂತ.

"ಹೂಂ" ಅಂದಳು, ಆಕಾಶ ನೋಡುತ್ತ.

"ಏನಾಗಿತ್ತಮ್ಮ?"

"ಏನೋ ಆಗಿತ್ತು. ಆವಾಗ ಅದುಕ್ಕೆಲ್ಲ ಹೆಸ್ರಿತ್ತಾ? ಎದ್ದೇಳೋಕ್ ಆಯ್ತಿರ್ಲಿಲ್ಲ, ಅಷ್ಟೇ ಕಣಮ್ಮಿ."

"ನಾನು ಬಟ್ಟೆ ಮಡಿಸ್ತಿದ್ದೆ ಅಲ್ವಾ?"

ಅಮ್ಮ ನನ್ನ ಕಡೆ ತಿರುಗಿದಳು. "ಮಡಿಸ್ತಿದ್ದೆ. ಒಂದುಕ್ಕೂ ಮೂಲೆ ಕೂಡ್ತಿರ್ಲಿಲ್ಲ. ಸೊಟ್ಟಂಬಟ್ಟ. ನಾಲ್ಗೆ ಕಚ್ಕಂಡು ಮಡಿಸ್ತಿದ್ದೆ."

"ನೀನ್ ಗೋಡೆ ನೋಡ್ತಿದ್ದೆ. ನಿಂಗೆ ಹೆಂಗ್ ಗೊತ್ತು, ನಾನ್ ನಾಲಿಗೆ ಕಚ್ಕೊಂಡಿದ್ದು?"

"ಗೋಡೇಗ್ ಕನ್ನಡಿ ಇತ್ತಲ್ಲೇ. ನಿಮ್ಮಪ್ಪ ಗಡ್ಡ ಕೆರ್ಕಳೋ ಚಿಕ್ಕ ಕನ್ನಡಿ. ಅದ್ರಾಗೆ ಕಾಣ್ತಿದ್ದೆ ನೀನು. ದಿನಾ ನೋಡ್ತಿದ್ದೆ."

ಕನ್ನಡಿ! ಮೊಳೆಗೆ ನೇತುಹಾಕಿದ್ದ, ಅಂಚು ತುಕ್ಕು ಹಿಡಿದ ಆ ಕನ್ನಡಿ ನನಗೂ ನೆನಪಿಗೆ ಬಂತು. ಅದರಲ್ಲಿ ನಾನು ಇದ್ದೆ ಅಂತ ಮಾತ್ರ ಗೊತ್ತಿರಲಿಲ್ಲ.

"ಮತ್ತೆ ಯಾಕೆ ಒಂದ್ ಮಾತೂ ಆಡ್ಲಿಲ್ಲ?"

"ಆಗ್ತಿರ್ಲಿಲ್ಲ ಅಂದ್ನಲ್ಲ." ಅಮ್ಮ ಸೀರೆಯ ಅಂಚನ್ನು ಬೆರಳಿಗೆ ಸುತ್ತಿದಳು. "ಆ ಬಟ್ಟೆ ಹಾಳಾಗೋಗ್ಲಿ. ನೀನ್ ಬಂದು ಒಸಿ ಪಕ್ಕದಾಗೆ ಕೂತ್ಕಂಡಿದ್ರೆ ಸಾಕಿತ್ತು ಅನ್ನುಸ್ತಿತ್ತು ನಂಗೆ. ಆದ್ರೆ ಮಗ ನೀನು, ಆರ್ ವರ್ಸ. ನಿಂಗೆಂಗ್ ಗೊತ್ತಾಗ್ಬೇಕು?" ಆಮೇಲೆ ತಕ್ಷಣ, "ಕಾಫಿ ಕುಡೀತೀಯಾ? ಸುಮ್ಕೆ ಯಾಕ್ ಕೂತಿದೀಯಾ?" ಅಂದಳು. ನಕ್ಕುಬಿಟ್ಟೆ. ಅವಳೂ ಅದೇ ಅಜ್ಜಿಯ ಮನೆಯಲ್ಲಿ ಬಾಳಿದವಳು.

ಶನಿವಾರ ಹತ್ತು ಗಂಟೆಗೆ ಮೂಕಂಡಪಲ್ಲಿಯ ಬಾಗಿಲಲ್ಲಿ ನಿಂತೆ. ಬಾಗಿಲು ತೆರೆದವರು ಮುನಿರತ್ನಮ್ಮ. "ಏನ್ ಮೇಡಂ, ಬಟ್ಟೆ ಮಡ್ಸೋಕ್ ಬಂದ್ರಾ? ಇವತ್ತು ನಾಕ್ ದಿನದ್ದೈತೆ."

"ತಪ್ಪಾಯ್ತಮ್ಮ" ಅಂದೆ. "ನಾನ್ ಮಡಿಸ್ಬಾರ್ದಿತ್ತು. ಕವಿತಾ ಹೇಳಿರ್ಲಿಲ್ಲ, ಕೇಳಿರ್ಲಿಲ್ಲ. ಅದು ನನ್ನ ಚಟ. ಬೈಸ್ಕೋಬೇಕಾದೋಳು ನಾನು."

ಅವರು ಏನು ಅನ್ನುತ್ತಿದ್ದರೋ, ಒಳಗಿನಿಂದ ಕವಿತ ಬಂದಳು. ಮಗು ಸೊಂಟದಲ್ಲಿತ್ತು. ಕೆನ್ನೆಯ ಮೇಲೆ ಬೊಟ್ಟು ಇರಲಿಲ್ಲ, ನಾನು ಬರುತ್ತೇನೆ ಅಂತ ಯಾರೂ ಎಣಿಸಿರಲಿಲ್ಲವಲ್ಲ. ಐದು ತಿಂಗಳಲ್ಲಿ ಮೊದಲ ಸಲ ಅವಳು ನನ್ನ ಮುಖ ನೋಡಿ ಮಾತಾಡಿದಳು.

"ಅಕ್ಕಾ, ಈ ಮನೆಗ್ ಬರೋರೆಲ್ಲ ಬಟ್ಟೆ ನೋಡ್ತಾರೆ, ಪಾತ್ರೆ ನೋಡ್ತಾರೆ, ಅನ್ನ ಬೆಂದೈತಾ ನೋಡ್ತಾರೆ. ನೀವೊಬ್ರೇ ನನ್ನೂ ಪಾಪೂನೂ ನೋಡೋರು ಅಂದ್ಕಂಡಿದ್ದೆ. ಆವತ್ತು ನೀವೂ ಬಟ್ಟೆನೇ ನೋಡ್ತಿದ್ರಾ ಅನ್ನುಸ್ಬುಡ್ತು."

ಆ ಹದಿನಾಲ್ಕು ಚೌಕ ಬಿಚ್ಚಿ ನನಗೆ ವಾಪಸ್ಸು ಕೊಟ್ಟದ್ದು ಏನು ಅಂತ ಆಗ ತಿಳಿಯಿತು: ಬಟ್ಟೆ ನೋಡುವ ನನ್ನ ಕಣ್ಣನ್ನು. "ಹೌದು, ಆವತ್ತು ಬಟ್ಟೆನೇ ನೋಡ್ದೆ" ಅಂದೆ.

ಅವಳು ಮಗುವನ್ನು ಸೊಂಟದ ಇನ್ನೊಂದು ಬದಿಗೆ ಹಾಕಿಕೊಂಡಳು. ಆಮೇಲೆ ಒಳಗೆ ಹೋಗಿ ಕುರ್ಚಿಯನ್ನು ಗುಡ್ಡೆಯಿಂದ ಮೂರಡಿ ದೂರ ಎಳೆದು ಹಾಕಿದಳು. "ಕೂತ್ಕಳಿ. ಕೈ ಕಟ್ಕಂಡು ಕೂತ್ಕಳಿ."

ಮುನಿರತ್ನಮ್ಮ ಹಿಂದಿನಿಂದ, "ಕ್ಲಾಸ್ನಾಗೆ ಕೂರುಸ್ದಂಗ್ ಕೂರುಸ್ಬುಟ್ಲು ನೋಡು ಟೀಚರ್ನ" ಅಂದರು. ಅಂದು, ಹೋಗಿ ಕಾಡಿಗೆ ಡಬ್ಬಿ ತಂದು ಮಗುವಿಗೆ ಮುದ್ದೆ ಗಾತ್ರದ ಬೊಟ್ಟು ಬಳಿದರು. ಮತ್ತೆ ಮೊದಲಿನಿಂದ. ನ್ಯಾಯವೇ.

ಉಳಿದ ತಿಂಗಳುಗಳನ್ನು ವಾರ ವಾರ ಹೇಳಿ ನಿಮ್ಮನ್ನು ಸಾಯಿಸುವುದಿಲ್ಲ. ಮಗು ಕೂತಿತು, ತೆವಳಿತು, ಕುರ್ಚಿಯ ಕಾಲು ಹಿಡಿದು ಎದ್ದು ನಿಂತಿತು. ನಾನು ಕೈ ಕಟ್ಟಿಕೊಂಡಿದ್ದೆ. ಕವಿತ ಒಂದೊಂದು ಮಾತು ಆಡತೊಡಗಿದಳು. ಒಂದು ದಿನ, ನೀವು ಹೀಗೆ ಕೂರುವುದನ್ನು ನೋಡಿದರೆ ನಮ್ಮಪ್ಪನ ನೆನಪಾಗುತ್ತದೆ ಅಂದಳು. "ನಮ್ಮೂರ್ನಾಗೆ ರಾಗಿ ಹೊಲದಾಗೆ ಅಟ್ಟ ಹಾಕಿರ್ತಾರಕ್ಕಾ. ಗಿಣಿ ಕಾಯಕ್ಕೆ ಅಪ್ಪ ಅದ್ರ್ ಮ್ಯಾಲೆ ಕೂತಿರ್ತಿದ್ದ. ಏನೂ ಮಾಡ್ತಿರ್ಲಿಲ್ಲ. ಆದ್ರೆ ಅಪ್ಪ ಮ್ಯಾಲವ್ನೆ ಅಂದ್ರೆ ನಾವು ಹೊಲದಾಗೆ ಎಲ್ಲ್ ಬೇಕಾರೂ ಆಡ್ಕಂಡಿರ್ತಿದ್ವಿ. ಹೆದ್ರುಕೆ ಆಯ್ತಿರ್ಲಿಲ್ಲ."

ಈ ಮಾತನ್ನು ಕ್ಲಾಸಿನಲ್ಲಿ ಓದಿದಾಗ ಲೀಲಾ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಇಷ್ಟು ವರ್ಷ ಪಾಠ ಮಾಡಿ ಹೇಳೋದು ಇದನ್ನೇ" ಅಂದರು. ನನ್ನ ಗಂಡನಿಗೂ ಹೇಳಿದೆ. ಅವನು, "ಅಂದ್ರೆ ನಿಂದು ಗಿಣಿ ಕಾಯೋ ಕೆಲ್ಸ. ಮೊದ್ಲೇ ಹಂಗ್ ಹೇಳಿದ್ರೆ ಅರ್ಥ ಆಯ್ತಿತ್ತಲ್ಲ" ಅಂದ.

ಕೊನೆಯ ಶನಿವಾರ ಹೋದಾಗ ಕವಿತ ಮಂಚದ ತುದಿಯಲ್ಲಿ ಕೂತಿದ್ದಳು. ಬಟ್ಟೆಯ ಗುಡ್ಡೆ ನೆಲದ ಮೇಲೆ ನಡುವೆಯೇ ಇತ್ತು. ಮಗು ಅದರೊಳಗೆ ನುಗ್ಗಿ, ಒಂದು ಟವೆಲ್ಲಿನ ತುದಿ ಹಿಡಿದು ಎಳೆಯುತ್ತಿತ್ತು. ಟವೆಲ್ಲಿನ ಇನ್ನೊಂದು ತುದಿಯ ಮೇಲೆ ಅದೇ ಕೂತಿತ್ತು, ಹಾಗಾಗಿ ಬರುತ್ತಿರಲಿಲ್ಲ. ಸಿಟ್ಟಾಗಿ ನಮ್ಮ ಮೂವರ ಕಡೆಗೂ ಒಂದೊಂದು ಸಲ ನೋಡಿತು. ನಾವು ಮೂವರು. ಹೌದು, ಮುನಿರತ್ನಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದವರು, ನೋಡುತ್ತ ನೋಡುತ್ತ ಹೊಸಲಿನ ಮೇಲೆ ಕೂತುಬಿಟ್ಟಿದ್ದರು.

"ನನ್ ಮಗ ಹುಟ್ಟಿ ಹದ್ನೈದ್ ದಿನಕ್ಕೆ ನಾನು ಹೂವಿನ್ ತೋಟುಕ್ ಕೂಲಿಗ್ ಹೋದೆ" ಅಂದರು, ಯಾರಿಗೂ ಅಲ್ಲದ ಹಾಗೆ. "ಅವ್ನ್ ಇಂಗೆಲ್ಲ ಆಡಿದ್ನೋ ಏನೋ. ಯಾರ್ ಕಂಡ್ರು?"

ಕವಿತ ಅತ್ತೆಯ ಕಡೆ ನೋಡಿದಳು. ಸ್ವಲ್ಪ ಸರಿದು ಮಂಚದ ಮೇಲೆ ಜಾಗ ಮಾಡಿದಳು. ಒಳಗೆ ಕುಕ್ಕರ್ ಕೂಗಿತು. ಯಾರೂ ಏಳಲಿಲ್ಲ.

ಹನ್ನೊಂದು ಗಂಟೆಗೆ ನಾನು ಎದ್ದೆ. "ಮುಂದಿನ್ ವಾರ ಈ ಹೊತ್ಗೆ ನಾವೇನ್ ಮಾಡದು?" ಅಂದರು ಮುನಿರತ್ನಮ್ಮ, ಜಗಳಕ್ಕೆ ಬಂದವರ ಹಾಗೆ.

"ಕೂತ್ಕಳದು" ಅಂದಳು ಕವಿತ.

ಮೆಟ್ಟಿಲಿಳಿಯುವಾಗ ಹಿಂತಿರುಗಿ ನೋಡಿದೆ. ಟವೆಲ್ಲು ಕೊನೆಗೂ ಬಂದಿತ್ತು, ಮಗು ಅದನ್ನು ತಲೆಯ ಮೇಲೆ ಹಾಕಿಕೊಂಡು ಬೆಳಕಿಗೆ ಮುಖ ಎತ್ತಿತ್ತು. ಎರಡೂ ಕೆನ್ನೆ ಸ್ವಚ್ಛ. ಬೊಟ್ಟು ಇಡುವುದನ್ನು ಮರೆತಿದ್ದರೋ, ಬೇಡ ಅಂತ ಬಿಟ್ಟಿದ್ದರೋ, ನಾನು ಕೇಳಲಿಲ್ಲ.

ಈಗ ನಿಮ್ಮ ಸರದಿ. ನಿಮ್ಮ ಪಕ್ಕ ಏನೂ ಮಾಡದೆ, ಏನೂ ಹೇಳಿಕೊಡದೆ ಕೂತವರು ಯಾರಾದರೂ ಇದ್ದರಾ? ಆಸ್ಪತ್ರೆಯ ಬೆಂಚಿನಲ್ಲಿ, ಹೊಲದ ಬದುವಿನಲ್ಲಿ, ಪರೀಕ್ಷೆಯ ಹಿಂದಿನ ದಿನ? ಅಥವಾ ನೀವು ಕೂರಬೇಕಾದ ಕಡೆ ಕೂರದೆ ಬಟ್ಟೆ ಮಡಿಸಿ ಬಂದಿದ್ದೀರಾ? ಕೆಳಗೆ ಬರೆಯಿರಿ. ನೀಟಾಗಿ ಮಡಿಸಿ ತರಬೇಡಿ, ಗುಡ್ಡೆಯಾಗಿಯೇ ಸುರಿಯಿರಿ. ನಾನು ಮುಟ್ಟುವುದಿಲ್ಲ. ಕೈ ಕಟ್ಟಿಕೊಂಡು ಕೂತು ಓದುತ್ತೇನೆ.